ಮಂಜುಳಾ ಬಾಕಿ ಇಟ್ಟ ಕಥೆ

ವಿಜ್ಞಾನದ ಕಾಲೇಜಿಗೆ ಕನ್ನಡ ಪಾಠ ಮಾಡಲು ಹೊರಟಿರುವವರೇ, ಮೊದಲ ವಾರದಲ್ಲೇ ಯಾರೋ ಒಬ್ಬರು ನಗುನಗುತ್ತಾ ಬಂದು ನಿಮ್ಮ ಪಿರಿಯಡ್ಡನ್ನು ಕಡ ಕೇಳುತ್ತಾರೆ. ಫಿಸಿಕ್ಸ್ ಪೋರ್ಷನ್ ಮುಗಿದಿಲ್ಲ, ಕೆಮಿಸ್ಟ್ರಿ ಪ್ರಾಕ್ಟಿಕಲ್ ಉಳಿದಿದೆ, ನಿಮ್ಮದು ಹೇಗೂ ಕನ್ನಡ ತಾನೇ, ಮಕ್ಕಳು ಮನೆಯಲ್ಲೇ ಓದಿಕೊಳ್ಳುತ್ತಾರೆ ಎನ್ನುತ್ತಾರೆ. ಕೊಡಬೇಡಿ. ಹಾಗೆ ಕೊಟ್ಟ ಪಿರಿಯಡ್ಡು ವಾಪಸು ಬಂದದ್ದನ್ನು ನಾನು ನೋಡಿಲ್ಲ. ಶಿವಮೊಗ್ಗದ ಒಂದು ಖಾಸಗಿ ಪಿ.ಯು. ಕಾಲೇಜಿನಲ್ಲಿ, ಆಮೇಲೆ ಅದೇ ಟ್ರಸ್ಟಿನ ಭದ್ರಾವತಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎನ್ನುವುದು ನಿಮಗೆ ಬೇಡ. ಯಾರ ಜೊತೆ ಜಗಳ ಆಡಿದೆ, ಯಾಕೆ ಆಡಿದೆ ಎನ್ನುವುದು ಬೇಕಾಗಬಹುದು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಕಾಲೇಜಿನಲ್ಲಿ 'ಸೋಮವಾರದ ಬೆಂಚು' ಎಂಬ ಪದ್ಧತಿ ಇತ್ತು. ಶನಿವಾರ ಟೆಸ್ಟು. ಸೋಮವಾರ ಬೆಳಿಗ್ಗೆ ಮಕ್ಕಳೆಲ್ಲ ಬ್ಯಾಗು ಎತ್ತಿಕೊಂಡು ಗೋಡೆಗೆ ಒರಗಿ ನಿಲ್ಲಬೇಕು. ಫಿಸಿಕ್ಸ್ ಮೇಷ್ಟ್ರು ಸದಾಶಿವಪ್ಪ ಮಾರ್ಕ್ಸ್ ಪ್ರಕಾರ ಹೆಸರು ಕೂಗುತ್ತಿದ್ದರು. ಕೂಗಿದ ಹಾಗೆ ಮುಂದಿನ ಬೆಂಚಿನಿಂದ ಹಿಂದಕ್ಕೆ ಹೋಗಿ ಕೂರುವುದು. ಕೊನೆಯ ಬೆಂಚಿಗೆ ಮತ್ತೆ ಮತ್ತೆ ಬೀಳುವವರನ್ನು ಸೈಕಲ್ ಸ್ಟ್ಯಾಂಡಿನ ಹಿಂದಿದ್ದ ಶೀಟಿನ ಕೋಣೆಗೆ ಕಳಿಸುತ್ತಿದ್ದರು. ಅದಕ್ಕೆ 'ಶೆಡ್ಡು' ಎಂದೇ ಹೆಸರು. ಅಲ್ಲಿಗೆ ಉಪನ್ಯಾಸಕರು ಹೋದರೆ ಹೋದರು, ಇಲ್ಲದಿದ್ದರೆ ಇಲ್ಲ. ಮೊದಲ ವರ್ಷ ಮುಗಿಯುವಾಗ ಶೆಡ್ಡಿನ ಮಕ್ಕಳ ತಂದೆಯರನ್ನು ಕರೆಸಿ, ನಮ್ಮ ಇಚ್ಛೆಯಿಂದಲೇ ಟಿ.ಸಿ. ತೆಗೆದುಕೊಳ್ಳುತ್ತಿದ್ದೇವೆ ಎಂದು ಸಹಿ ಹಾಕಿಸಿಕೊಂಡು ಸಾಗಹಾಕುತ್ತಿದ್ದರು. ಎರಡನೇ ವರ್ಷದ ಬೋರ್ಡ್ ಪರೀಕ್ಷೆಗೆ ಗೆಲ್ಲುವವರು ಮಾತ್ರ ಉಳಿಯುತ್ತಿದ್ದರು. ಆಮೇಲೆ ಬಸ್ ಸ್ಟ್ಯಾಂಡಿನ ಎದುರು ನೂರಕ್ಕೆ ನೂರು ಫಲಿತಾಂಶದ ಬ್ಯಾನರ್. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನನಗಿದ್ದ ಅನುಕೂಲ ಒಂದೇ: ಕನ್ನಡದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ನನ್ನ ಪಿರಿಯಡ್ಡಿಗೆ ಶೆಡ್ಡಿನವರನ್ನೂ ಕರೆದು ಎಲ್ಲರ ಜೊತೆ ಕೂರಿಸಿದರೂ ಯಾರೂ ಕೇಳಲಿಲ್ಲ. ಬೆಂಚುಗಳ ಲೆಕ್ಕವೂ ನನ್ನಲ್ಲಿ ಇರಲಿಲ್ಲ. ಎಲ್ಲಿ ಬೇಕಾದರೂ ಕೂತ್ಕೊಳ್ರೋ ಎನ್ನುತ್ತಿದ್ದೆ. ಆದರೂ ಮಕ್ಕಳು ಅಭ್ಯಾಸದ ಬಲದಿಂದ ಅವರವರ ರ‍್ಯಾಂಕಿನ ಜಾಗಕ್ಕೇ ಹೋಗಿ ಕೂರುತ್ತಿದ್ದರು. ಅದನ್ನು ಬಿಡಿಸಲು ನನಗೆ ತಿಂಗಳುಗಟ್ಟಲೆ ಹಿಡಿಯಿತು.

ಆ ವರ್ಷ ಮಕ್ಕಳನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಜಾಲರಿ ಹಾಕಿದ ವ್ಯಾನಿನಲ್ಲಿ ಸಿಂಹಗಳ ಹತ್ತಿರ ಹೋದರೆ, ಅವು ಮರದ ಕೆಳಗೆ ಬಿದ್ದುಕೊಂಡು ನೊಣ ಓಡಿಸುತ್ತಿದ್ದವು. ಹುಡುಗರಿಗೆ ಬೇಜಾರಾಯಿತು. ಜಾಲರಿ ಬಡಿದರು, ಕೂಗಿದರು. ಒಂದಕ್ಕೊಂದು ಕಚ್ಚಾಡಿದರೆ ಕೊಟ್ಟ ದುಡ್ಡು ವಸೂಲು ಎಂದು ಒಬ್ಬ ಹೇಳಿದ. "ಹೊಟ್ಟೆ ತುಂಬಿದೆ ಮಾರಾಯ, ಯಾಕೆ ಕಚ್ಚಾಡ್ತವೆ?" ಎಂದ ಡ್ರೈವರ್. ಆಗ ಹಿಂದಿನ ಸೀಟಿನಿಂದ ಮಂಜುಳಾ ಎಂಬ ಹುಡುಗಿ, "ಅವು ಕಚ್ಚಾಡ್ಲಿ ಅಂತ ನಾವ್ ಯಾಕೆ ಕಾಯ್ತಾ ಇದೀವಿ ಮೇಡಂ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮಂಜುಳಾ ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಮುನಿಸ್ವಾಮಿ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಪರೀಕ್ಷೆಗೆ ಕನ್ನಡ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಕಲಿಯಬೇಕು ಎನ್ನುವುದು ಅವಳ ಆಸೆ, ಅದಕ್ಕೆ ವಿಜ್ಞಾನದ ಪಿಯುಸಿ ಬೇಕೇ ಬೇಕಿತ್ತು. ಪ್ರವಾಸದ ಹೊತ್ತಿಗೆ ಅವಳು ಶೆಡ್ಡಿಗೆ ಬಿದ್ದಾಗಿತ್ತು.

ಪ್ರವಾಸದಿಂದ ಬಂದ ಮೇಲೆ ನಾನು ಕಥೆ ಬರೆಯಲು ಹೇಳಿದೆ. ವಿಷಯ ಇಷ್ಟೇ: 'ಐವತ್ತು ವರ್ಷದ ನಂತರ ನಮ್ಮೂರು'. ಹಾರುವ ಬಸ್ಸು, ಮಾತಾಡುವ ರೋಬೋ ಬರುತ್ತವೆ ಎಂದುಕೊಂಡಿದ್ದೆ. ಬಂದವು ಬೇರೆ. ಅರ್ಧಕ್ಕರ್ಧ ಮಕ್ಕಳು ಹೆಚ್ಚುಕಡಿಮೆ ಒಂದೇ ಕಥೆ ಬರೆದಿದ್ದರು: ಮುಂದೊಂದು ಕಾಲದಲ್ಲಿ ಎಳೆಯ ಹುಡುಗ ಹುಡುಗಿಯರನ್ನು ಹಿಡಿದು ತಂದು ಪಂದ್ಯಕ್ಕೆ ಬಿಡುತ್ತಾರೆ, ಸೋತವರು ಸಾಯುತ್ತಾರೆ. ಒಬ್ಬರದ್ದು ಒಬ್ಬರು ನೋಡಿ ಬರೆದದ್ದಲ್ಲ, ನಾನು ಕಾವಲಿದ್ದೆ. ಹದಿನಾರು ಹದಿನೇಳರ ಮಕ್ಕಳಿಗೆ ಮುಂದಿನ ಕಾಲ ಎಂದರೆ ಇದೇ ಕಂಡಿತಲ್ಲ ಎಂದು ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಕಥೆಗಳಿಗೆ ನಾನು ಅಂಕ ಕೊಡುತ್ತಿರಲಿಲ್ಲ. ನನ್ನದು ಜೋಡಿ ಓದು. ಎರಡು ಕಥೆ ಆರಿಸಿ, ಬರೆದವರ ಹೆಸರು ಮುಚ್ಚಿ, ಒಂದಾದ ಮೇಲೊಂದು ಓದುವುದು. ಆಮೇಲೆ ಅದರಲ್ಲಿ ಏನಿದೆ ಇದರಲ್ಲಿ ಏನಿಲ್ಲ ಎಂದು ಮಕ್ಕಳೇ ಮಾತಾಡುವುದು. ಹೆಸರು ಮುಚ್ಚದಿದ್ದರೆ ಮುಂದಿನ ಬೆಂಚಿನವರ ಕಥೆಯೇ ಚೆನ್ನಾಗಿದೆ ಎಂದು ಎಲ್ಲರೂ ಕೈ ಎತ್ತುತ್ತಿದ್ದರು.

ಆ ಸಲ ನಾನು ಆರಿಸಿದ ಮೊದಲನೆಯ ಕಥೆ ಕಿರಣನದು. ವಿನೋಬನಗರದ ಹಾರ್ಡ್‌ವೇರ್ ಅಂಗಡಿಯವರ ಮಗ, ಮುಂದಿನ ಬೆಂಚು ಬಿಟ್ಟು ಇಳಿದವನೇ ಅಲ್ಲ. ಅವನ ಕಥೆಯಲ್ಲಿ ಒಂದು ಆಳವಾದ ಗುಂಡಿ, ಅದರಲ್ಲಿ ಮಕ್ಕಳು, ಹತ್ತಲು ಒಂದೇ ಏಣಿ. ವಾರಕ್ಕೊಂದು ಮೆಟ್ಟಿಲು ಕಿತ್ತು ಹಾಕುತ್ತಾರೆ. ಮೇಲೆ ಹತ್ತಬೇಕಾದರೆ ಇನ್ನೊಬ್ಬರನ್ನು ಕೆಳಗೆ ತಳ್ಳಬೇಕು. ಗುಂಡಿಯ ಅಂಚಿನಲ್ಲಿ ಸೀಟಿ ಊದುವವನೊಬ್ಬ, ಸೀಟಿಯ ತುದಿಯಿಂದಲೇ ಕನ್ನಡಕ ಮೇಲಕ್ಕೆ ತಳ್ಳಿಕೊಳ್ಳುತ್ತಾ, "ಚೂರು ಬುದ್ಧಿ ಉಪಯೋಗಿಸ್ರಯ್ಯಾ" ಎನ್ನುತ್ತಾನೆ. ಸುತ್ತ ಅಪ್ಪ ಅಮ್ಮಂದಿರು ಟಿಕೆಟ್ ತೆಗೆದುಕೊಂಡು ಕೂತು ಚಪ್ಪಾಳೆ ಹೊಡೆಯುತ್ತಾರೆ. ಕೊನೆಗೆ ಒಬ್ಬ ಹುಡುಗ ಎಲ್ಲರನ್ನೂ ತಳ್ಳಿ ಮೇಲೆ ಬರುತ್ತಾನೆ. ಬಂದು ನೋಡಿದರೆ ಅಲ್ಲೊಂದು ಇನ್ನೂ ಆಳದ ಗುಂಡಿ, ಅದರಲ್ಲಿ ಬೇರೆ ಬೇರೆ ಊರುಗಳಲ್ಲಿ ಗೆದ್ದು ಬಂದವರು ಇವನಿಗಾಗಿ ಕಾಯುತ್ತಿದ್ದಾರೆ.

ಎರಡನೆಯದು ಮಂಜುಳಾಳದು. ಕಾಗುಣಿತ ಅಲ್ಲಲ್ಲಿ ಎಡವಿತ್ತು. ಅವಳ ಕಥೆಯಲ್ಲಿ ಮಕ್ಕಳನ್ನು ಮೈದಾನದಲ್ಲಿ ಓಡಿಸುತ್ತಾರೆ. ಹಿಂದೆ ಬಿದ್ದವರನ್ನು ಯಾರೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಮರುದಿನದಿಂದ ಅವರ ಹೆಸರನ್ನು ಯಾರೂ ಕರೆಯುವಂತಿಲ್ಲ, ಅಷ್ಟೇ. ಅಂಗಡಿಯವನು ಅವರನ್ನು ಬಿಟ್ಟು ಹಿಂದೆ ನಿಂತವರನ್ನು ಏನು ಬೇಕು ಎಂದು ಕೇಳುತ್ತಾನೆ. ಕಂಡಕ್ಟರ್ ಟಿಕೆಟ್ ಕೇಳುವುದಿಲ್ಲ, ಸ್ಟಾಪ್ ಬಂದಾಗ ಸೀಟಿಯನ್ನೂ ಊದುವುದಿಲ್ಲ. ಮನೆಯಲ್ಲಿ ಅವರಿಗೆ ತಟ್ಟೆ ಹಾಕಿದರೆ, ಅದಕ್ಕೆ ಶಿಕ್ಷೆಯಾಗಿ ತಂಗಿಯ ಹೆಸರೂ ಹೋಗುತ್ತದೆ. ಹೀಗೆ ಒಬ್ಬೊಬ್ಬರೇ ಸಾಯುತ್ತಾರೆ. ಸೋತ ಹುಡುಗಿಯೊಬ್ಬಳು ಮುಸ್ಸಂಜೆ ಹೊತ್ತಿಗೆ ತನ್ನ ಮನೆ ಬಾಗಿಲಿಗೆ ಬಂದು ನಿಂತಿದ್ದಾಳೆ. ಒಳಗೆ ಅಮ್ಮ ಇದ್ದಾಳೆ. ಅಮ್ಮ ಇವಳನ್ನು ನೋಡಿದಳು, ಬಾಯಿ ತೆರೆದಳು. ಕಥೆ ಅಲ್ಲಿಗೇ ನಿಂತಿತ್ತು. ಯಾಕೆ ಮುಗಿಸಲಿಲ್ಲ ಎಂದು ಬೇರೆಯಾಗಿ ಕರೆದು ಕೇಳಿದ್ದಕ್ಕೆ, "ಬೆಲ್ ಆಯ್ತಲ್ಲ ಮೇಡಂ" ಎಂದಿದ್ದಳು.

ಎರಡನ್ನೂ ಓದಿ ಮುಗಿಸಿ, ಯಾವ ಪಂದ್ಯ ಹೆಚ್ಚು ಕ್ರೂರ ಎಂದು ಕೇಳಿದೆ. ಮೊದಲು ಎದ್ದವನು ಕಿರಣ. ಎರಡನೆಯ ಕಥೆ ಯಾರದು ಎಂದು ಅವನಿಗೆ ಗೊತ್ತಿರಲಿಲ್ಲ. "ಹೆಸರಿನ ಕಥೇನೇ ಮೇಡಂ. ಏಣಿ ಕಥೇಲಿ ಕೊಲ್ಲೋನು ಕಣ್ಣಿಗೆ ಕಾಣ್ತಾನೆ. ಇದ್ರಲ್ಲಿ ಯಾರೂ ಏನೂ ಮಾಡ್ಬೇಕಾಗಿಲ್ಲ. ಎಲ್ರೂ ಸುಮ್ನಿದ್ರೆ ಸಾಕು, ಸಾಯ್ತಾರೆ" ಎಂದ. ಮಂಜುಳಾ ಒಪ್ಪಲಿಲ್ಲ. "ಹೆಸರಿನ ಕಥೇಲಿ ಒಬ್ರು ಬಾಯಿ ಬಿಟ್ರೂ ಪಂದ್ಯ ಕೆಡುತ್ತೆ. ಏಣಿ ಕಥೇಲಿ ಗೆದ್ದೋನಿಗೂ ದಾರಿ ಇಲ್ವಲ್ಲ, ಪಾಪ. ಅದನ್ನ ಬರ್ದೋರು ತುಂಬಾ ಹೆದರಿದ್ದಾರೆ ಅನ್ಸುತ್ತೆ" ಎಂದಳು. ಕಿರಣ ತಲೆ ಬಗ್ಗಿಸಿ ಕೂತ. ಮುಂದಿನ ಬೆಂಚಿನ ಹುಡುಗ ಅಷ್ಟು ಹೆದರಿದ್ದಾನೆ ಎಂದು ಆ ಕಾಲೇಜಿನಲ್ಲಿ ಕಂಡುಹಿಡಿದವಳು ಶೆಡ್ಡಿನ ಹುಡುಗಿ.

ಎರಡೂ ಕಥೆಗಳಲ್ಲಿ ಸಮಾನವಾದದ್ದು ಏನು ಎಂದೂ ಕೇಳಿದೆ. ಪಂದ್ಯ ಯಾರಿಗಾಗಿ ಎಂದು ಇಬ್ಬರೂ ಬರೆದಿಲ್ಲ ಎಂದು ಯಾರೋ ಹೇಳಿದರು. ಹೌದಲ್ಲ, ಯಾರಿಗಾಗಿ ಎಂದು ಗಲಾಟೆ ಎದ್ದಿತು. ಆ ಗಲಾಟೆಗೆ ಸದಾಶಿವಪ್ಪ ಬಾಗಿಲಿಗೆ ಬಂದರು. ಏನು ನಡೀತಿದೆ ಎಂದು ಒಳಗೆ ಬಂದವರೇ ಮೇಜಿನ ಮೇಲಿದ್ದ ಹಾಳೆಗಳನ್ನು ಎತ್ತಿ ಓದತೊಡಗಿದರು. ಓದುತ್ತಾ ಓದುತ್ತಾ ಕೈಯಲ್ಲಿದ್ದ ಚಾಕ್‌ಪೀಸಿನ ತುದಿಯಿಂದ ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. ತರಗತಿ ಗೊಳ್ಳೆಂದು ನಕ್ಕಿತು. ಅವರು ಏಣಿ ಕಥೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮಧ್ಯಾಹ್ನ ನನಗೆ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಪ್ರಿನ್ಸಿಪಾಲರು ಕೆಟ್ಟ ಮನುಷ್ಯರಲ್ಲ. ನನ್ನ ತಾಯಿ ಹಾಸಿಗೆ ಹಿಡಿದಾಗ ಕೇಳಿದಷ್ಟು ರಜೆ ಕೊಟ್ಟಿದ್ದರು. ಆದರೆ ಬ್ಯಾನರ್ ಎಂದರೆ ಅವರಿಗೆ ಪ್ರಾಣ. ಸದಾಶಿವಪ್ಪ ಪಕ್ಕದಲ್ಲಿ ಕೂತಿದ್ದರು.

"ಇದು ಆ ಭದ್ರಾವತಿ ಹುಡುಗಿ ಬರ್ದಿದ್ದು. ಶೆಡ್ಡಿಗೆ ಹಾಕಿದ ಹೊಟ್ಟೆಕಿಚ್ಚು" ಎಂದರು ಸದಾಶಿವಪ್ಪ.

"ಅದು ಕಿರಣ ಬರೆದದ್ದು ಸಾರ್" ಎಂದೆ.

"ಮುಂದಿನ ಬೆಂಚಿನೋರು ಇಂಥದ್ದು ಬರಿಯಲ್ಲ ಮೇಡಂ. ಅವರಿಗೇನು ಕಷ್ಟ ಇದೆ ಬರಿಯಕ್ಕೆ?"

ಕಿರಣನನ್ನೇ ಕರೆಸಿದೆ. ಅವನು ಬಂದು, ಸಾರ್ ಅದು ನಂದು ಎಂದು ನೇರವಾಗಿ ಹೇಳಿದ. ಸದಾಶಿವಪ್ಪ ಅವನ ಬೆನ್ನು ತಟ್ಟಿದರು. "ದೊಡ್ಡ ಮನಸ್ಸು ಕಣಯ್ಯ ನಿಂದು. ಬೇರೆಯವರ ತಪ್ಪು ತಲೆ ಮೇಲೆ ಹಾಕ್ಕೋಬೇಡ. ಹೋಗಿ ಓದ್ಕೋ." ಹುಡುಗ ಬೇಕಾದರೆ ಕಥೆ ಪೂರ್ತಿ ಬಾಯಲ್ಲೇ ಹೇಳುತ್ತೇನೆ ಎಂದ. ಕ್ಲಾಸಿನಲ್ಲಿ ಓದಿದ್ದು ಕೇಳಿರ್ತೀಯ ಬಿಡು ಎಂದರು ಪ್ರಿನ್ಸಿಪಾಲರು. ನನಗೆ ಒಂದು ಕಡೆ ನಗು, ಒಂದು ಕಡೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಳ್ಳೆಯ ಮಾರ್ಕ್ಸ್ ತೆಗೆಯುವ ಹುಡುಗನಿಂದಲೂ ಅದು ತನ್ನದೇ ಕಥೆ ಎಂದು ಅವರನ್ನು ಒಪ್ಪಿಸಲು ಆಗಲಿಲ್ಲ.

ಆ ವರ್ಷ ಮಂಜುಳಾ ಪಾಸಾದಳು. ಎಲ್ಲ ವಿಷಯದಲ್ಲೂ ಅಂಚಿನಲ್ಲಿ, ಆದರೆ ಪಾಸು. ಆದರೂ ಶೆಡ್ಡಿನವರ ಪೈಕಿ ಅವಳ ಟಿ.ಸಿ.ಗೇ ಎಲ್ಲಕ್ಕಿಂತ ಮೊದಲು ಆತುರ ಮಾಡಿದರು. ಮುನಿಸ್ವಾಮಿ ಯೂನಿಫಾರ್ಮಿನಲ್ಲೇ ಬಂದಿದ್ದರು. ಸಹಿ ಹಾಕಿ ಆದ ಮೇಲೆ ನನ್ನ ಹತ್ತಿರ ಬಂದು, "ದೊಡ್ಡೋರು ಹೇಳಿದ್ರು ಮೇಡಂ, ಈಗ್ಲೇ ತಗೊಂಡ್ರೆ ಒಳ್ಳೇ ನಡತೆ ಅಂತ ಬರ್ದು ಕೊಡ್ತಾರಂತೆ. ಇಲ್ಲಾಂದ್ರೆ ಕೆಟ್ಟದು ಅಂತ ಬರೀತಾರಂತೆ. ನಮ್ ಪಾಪಾ ನೈಟ್ ಫುಲ್ ಅತ್ತಿದೆ. ನಾನೇನ್ ಮಾಡ್ಲಿ?" ಎಂದರು. ಎರಡನೇ ವರ್ಷಕ್ಕೆ ನಡುವೆ ಬಂದವರನ್ನು ವಿಜ್ಞಾನಕ್ಕೆ ಸೇರಿಸಿಕೊಳ್ಳುವ ಕಾಲೇಜು ಸುತ್ತಮುತ್ತ ಇರಲಿಲ್ಲ. ಟಿ.ಸಿ. ಕೈಗೆ ಬಂದರೆ ಅವಳ ಓದು ಅಲ್ಲಿಗೆ ಮುಗಿದ ಹಾಗೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಟಿ.ಸಿ. ಕೊಡುವ ಮೊದಲು ನೋ-ಡ್ಯೂ ಎಂಬ ಒಂದು ಚೀಟಿ ಸುತ್ತುತ್ತದೆ. ಲ್ಯಾಬಿನ ಗಾಜು ಒಡೆದಿಲ್ಲ, ಲೈಬ್ರರಿ ಪುಸ್ತಕ ಉಳಿಸಿಕೊಂಡಿಲ್ಲ ಎಂದು ಪ್ರತಿಯೊಬ್ಬ ಉಪನ್ಯಾಸಕರೂ ಅದರಲ್ಲಿ ಸಹಿ ಹಾಕಬೇಕು. ಕನ್ನಡಕ್ಕೂ ಒಂದು ಕಾಲಂ ಇತ್ತು. ಕನ್ನಡದವರ ಹತ್ತಿರ ಒಡೆಯಲು ಏನಿರುತ್ತದೆ, ಹಾಗಾಗಿ ಅದನ್ನು ಯಾರೂ ಓದುತ್ತಲೂ ಇರಲಿಲ್ಲ. ಚೀಟಿ ನನ್ನ ಮುಂದೆ ಬಂದಾಗ ಬರೆದೆ: 'ಈ ವಿದ್ಯಾರ್ಥಿನಿಯಿಂದ ಒಂದು ಕಥೆಯ ಕೊನೆ ಬಾಕಿ ಇದೆ.' ಸಹಿ ಹಾಕಲಿಲ್ಲ.

ಹೆಡ್ ಕ್ಲರ್ಕ್ ನಜೀರ್ ಸಾಹೇಬರು ಚೀಟಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದರು. ನಿಯಮ ಎಂದರೆ ಅವರಿಗೆ ನಮಾಜಿನಷ್ಟೇ ನಿಷ್ಠೆ. "ಒಂದು ಕಾಲಂ ಖಾಲಿ ಇದ್ರೂ ನಾನು ಟಿ.ಸಿ. ಬರಿಯಲ್ಲ ಸಾರ್. ಆಡಿಟ್‌ನೋರು ನನ್ನ ಕುತ್ತಿಗೆ ಹಿಡೀತಾರೆ" ಎಂದುಬಿಟ್ಟರು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ಏನ್ ಮೇಡಂ ಇದು ತಮಾಷೆ?"

"ತಮಾಷೆ ಅಲ್ಲ ಸಾರ್. ಬರಹದ ಕೆಲಸ ಕೊಟ್ಟಿದ್ದೆ, ಮುಗಿಸಿಲ್ಲ. ಲ್ಯಾಬಿನ ಟೆಸ್ಟ್ ಟ್ಯೂಬ್ ಬಾಕಿ ಇದ್ರೆ ನೀವು ಬಿಡ್ತೀರಾ?"

"ಸರಿ, ಕರ್ಸಿ. ಇಲ್ಲೇ ಕೂತು ಎರಡು ಸಾಲು ಬರ್ದು ಮುಗಿಸ್ಲಿ."

ಮಂಜುಳಾಳನ್ನು ಕರೆಸಿದರು. ಅವಳ ಮುಂದೆ ಹಾಳೆ ಪೆನ್ನು ಇಟ್ಟರು. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ, ಕಣ್ಣಲ್ಲೂ ಹೇಳಲಿಲ್ಲ. ಅವಳು ಪೆನ್ನು ಮುಚ್ಚಿಟ್ಟು, "ಕೊನೆ ಇನ್ನೂ ಹೊಳೆದಿಲ್ಲ ಸಾರ್" ಎಂದಳು. ಯಾವಾಗ ಹೊಳೆಯುತ್ತೆ ಎಂದು ಸದಾಶಿವಪ್ಪ ರೇಗಿದರು. "ಚೂರು ಬುದ್ಧಿ ಉಪಯೋಗಿಸಿ ಹೇಳ್ತೀನಿ ಸಾರ್" ಎಂದಳು ಪುಣ್ಯಾತ್ಗಿತ್ತಿ. ನನಗೆ ಅವಳನ್ನು ಅಲ್ಲೇ ಅಪ್ಪಿಕೊಳ್ಳಬೇಕು ಎನ್ನಿಸಿತು.

ನನ್ನ ಕಾಲಂ ಬಿಟ್ಟು ಟಿ.ಸಿ. ಬರೆಯಿರಿ ಎಂದು ಪ್ರಿನ್ಸಿಪಾಲರು ನಜೀರ್ ಸಾಹೇಬರಿಗೆ ಹೇಳಿದರು. ಹಾಗೆ ಬಿಡಲು ಹೇಳಿದ್ದು ನೀವು ಅಂತ ಒಂದು ಸಾಲು ಬರೆದು ಸಹಿ ಹಾಕಿಕೊಡಿ ಎಂದು ಅವರು ಕೇಳಿದರು. "ಹಾಕಿಕೊಡಿ ಸಾರ್. ಪಾಸಾದ ಹುಡುಗೀನ ಇಷ್ಟು ಅವಸರದಲ್ಲಿ ಯಾಕೆ ಕಳಿಸಿದ್ರಿ ಅಂತ ಇಲಾಖೆಯವರು ಕೇಳಿದ್ರೆ, ಶೆಡ್ಡಿನ ವಿಷಯ ನಾನೇ ವಿವರವಾಗಿ ಹೇಳ್ತೀನಿ" ಎಂದು ನಾನೂ ಸೇರಿಸಿದೆ. ಪ್ರಿನ್ಸಿಪಾಲರು ಪೆನ್ನು ಎತ್ತಿಕೊಳ್ಳಲಿಲ್ಲ. ಜೂನ್ ಬಂತು, ಕಾಲೇಜು ತೆರೆಯಿತು. ಟಿ.ಸಿ. ಆಗದವರ ಹೆಸರು ಎರಡನೇ ವರ್ಷದ ಹಾಜರಿಗೆ ತಾನಾಗಿಯೇ ಏರಿತು. ಮೊದಲ ದಿನ ಸದಾಶಿವಪ್ಪನವರ ಬಾಯಿಂದಲೇ ಮಂಜುಳಾ ಎಂಬ ಹೆಸರು ಬರಬೇಕಾಯಿತು. ವರಾಂಡದಲ್ಲಿ ನಿಂತು ಕಿವಿಯಾರೆ ಕೇಳಿದೆ.

ಆ ವರ್ಷ ಶೆಡ್ಡಿನ ಉಳಿದ ಮಕ್ಕಳನ್ನು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅವರ ಕಥೆಗಳೆಲ್ಲ ಮುಗಿದಿದ್ದವು, ನೆಪ ಇರಲಿಲ್ಲ. ಅದು ಇವತ್ತಿಗೂ ನನಗೆ ನೋವೇ. ನನಗೂ ಶಿಕ್ಷೆ ಆಯಿತು: ದಸರಾ ರಜೆ ಮುಗಿಯುವಷ್ಟರಲ್ಲಿ ಟ್ರಸ್ಟಿನ ಭದ್ರಾವತಿ ಕಾಲೇಜಿಗೆ ಎತ್ತಿ ಹಾಕಿದರು. ದಿನಾ ಬಸ್ಸಿನಲ್ಲಿ ನೇತಾಡಿದರೆ ಬುದ್ಧಿ ಬರುತ್ತದೆ ಎಂದುಕೊಂಡಿರಬೇಕು. ನ್ಯೂ ಟೌನಿನ ಹತ್ತಿರದ ಆ ಕಾಲೇಜಿನಲ್ಲೂ ಅದೇ ಟ್ರಸ್ಟು, ಅದೇ ಬ್ಯಾನರಿನ ಹುಚ್ಚು. ಅಲ್ಲಿ ನಾನು ಪದ್ಧತಿ ಬದಲಿಸಿದೆ. ಹಿಂದೆ ಬೀಳುತ್ತಿರುವ ಮಕ್ಕಳನ್ನು ವರ್ಷದ ನಡುವೆಯೇ ಗುರುತಿಸಿ ಕಥೆ ಬರೆಸುತ್ತಿದ್ದೆ. ಚೆನ್ನಾಗಿ ಬರೀರಿ, ಮುಗಿಸಬೇಡಿ ಎನ್ನುತ್ತಿದ್ದೆ. ಕೆಲವು ವರ್ಷ ಫಲಿಸಿತು, ಕೆಲವು ವರ್ಷ ಇಲ್ಲ.

ಪಂದ್ಯದ ಕಥೆಗಳು ಅಲ್ಲಿಯೂ ಬರುತ್ತಲೇ ಇದ್ದವು. ವರ್ಷ ಕಳೆದ ಹಾಗೆ ಅವು ಬದಲಾದದ್ದನ್ನು ಹೇಳಬೇಕು. ಮೊದಮೊದಲ ಕಥೆಗಳಲ್ಲಿ ಒಬ್ಬ ದುಷ್ಟ ಇರುತ್ತಿದ್ದ, ರಾಜನೋ, ಮ್ಯಾನೇಜರನೋ, ಸೀಟಿಯವನೋ. ಎರಡು ಸಾವಿರದ ಇಸವಿಯ ಆಚೆ, ಮನೆಮನೆಗೆ ಕೇಬಲ್ಲೂ ಕೈಗೆ ಮೊಬೈಲೂ ಬಂದ ಮೇಲೆ ಅವನು ಕಾಣೆಯಾದ. ಯಾರು ಸಾಯಬೇಕು ಎಂದು ಊರಿನವರೆಲ್ಲ ಎಸ್ಸೆಮ್ಮೆಸ್ ಕಳಿಸಿ ತೀರ್ಮಾನಿಸುತ್ತಾರೆ. ಪರೀಕ್ಷೆಯಲ್ಲಿ ಸರಿ ಉತ್ತರದ ಪುಟ್ಟ ಗುಂಡಿಯನ್ನು ಪೆನ್ನಿನಿಂದ ತುಂಬುವ ಓ.ಎಂ.ಆರ್. ಹಾಳೆ ಬಂದ ಮೇಲೆ, ತಪ್ಪು ಗುಂಡಿ ತುಂಬಿದವರು ಅದೇ ಗುಂಡಿಯೊಳಗೆ ಬೀಳುವ ಕಥೆಯನ್ನೂ ಒಬ್ಬ ಬರೆದ. ಹಳೆಯ ಕಥೆಗಳಲ್ಲಿ ಕೊನೆಗೆ ದುಷ್ಟನನ್ನು ಹೊಡೆದು ಹಾಕುತ್ತಿದ್ದರು, ಹೊಸ ಕಥೆಗಳಲ್ಲಿ ಯಾರನ್ನು ಹೊಡೆಯಬೇಕು ಎಂದೇ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಆಗೆಲ್ಲ ನಾನು ಮಂಜುಳಾಳ ಕಥೆಯನ್ನು ಪಕ್ಕದಲ್ಲಿಟ್ಟು ಓದುತ್ತಿದ್ದೆ. ಹೊಡೆಯುವವನು ಇಲ್ಲದ ಪಂದ್ಯವನ್ನು ಅವಳು ಎಲ್ಲರಿಗಿಂತ ಮೊದಲೇ ಕಂಡಿದ್ದಳು, ಅದು ಎಲ್ಲಿ ಕೆಡುತ್ತದೆ ಎಂದೂ ಕಂಡಿದ್ದಳು. ಆ ಅಮ್ಮ ಕರೆಯುತ್ತಾಳಾ ಇಲ್ಲವಾ ಎಂದು ಪ್ರತಿ ವರ್ಷವೂ ಮಕ್ಕಳು ಜಗಳ ಆಡುತ್ತಿದ್ದರು.

ಆ ಕಥೆಯ ಬಾಕಿ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ನಾನು ಭದ್ರಾವತಿಗೆ ಬಂದ ಮುಂದಿನ ಬೇಸಗೆ. ಒಂದು ಬೆಳಿಗ್ಗೆ ಮಂಜುಳಾ ನನ್ನ ಸ್ಟಾಫ್ ರೂಮಿಗೆ ಬಂದಳು. ಎರಡನೇ ಪಿಯುಸಿ ಪಾಸಾಗಿದ್ದಳು, ಸೆಕೆಂಡ್ ಕ್ಲಾಸು. ಲ್ಯಾಬ್ ಕೋರ್ಸಿಗೆ ಸೀಟು ಸಿಕ್ಕಿತ್ತು. ಈಗ ಟಿ.ಸಿ. ಅವಳಿಗೇ ಬೇಕಿತ್ತು. ಬಾಕಿ ಬರೆದವರೇ ಬಾಕಿ ತೀರಿತು ಎಂದು ಸಹಿ ಹಾಕಬೇಕು ಎಂದು ನಜೀರ್ ಸಾಹೇಬರು ಹಳೆಯ ಚೀಟಿಯನ್ನೇ ಕೊಟ್ಟು ಕಳಿಸಿದ್ದರು.

"ಕೊಡಮ್ಮಾ ಕಥೆಯ ಕೊನೆ" ಎಂದು ಕೈ ಚಾಚಿದೆ.

"ಬರ್ದಿಲ್ಲ ಮೇಡಂ."

"ಸೀಟು ಹೋಗುತ್ತೆ ಮಾರಾಯ್ತಿ, ನಾನು ಸಹಿ ಹಾಕದಿದ್ರೆ."

"ನೀವು ಹಾಕ್ತೀರ" ಎಂದು ನಕ್ಕಳು. "ಅದು ಬಾಕಿ ಇರ್ಲಿ ಮೇಡಂ. ನನ್ನ ಹಿಂದೆ ಇನ್ನೂ ಹುಡುಗರು ಬರ್ತಾರಲ್ಲ. ಮುಗಿದ್ಹೋದ್ರೆ ಅವರಿಗೆ ಏನ್ ಓದಿ ಹೇಳ್ತೀರ?"

'ಬಾಕಿ ತೀರಿದೆ' ಎಂದು ಬರೆದು ಸಹಿ ಹಾಕಿದೆ. ಇಡೀ ನೌಕರಿಯಲ್ಲಿ ನಾನು ತಿಳಿದೂ ತಿಳಿದೂ ಸುಳ್ಳಿಗೆ ಸಹಿ ಹಾಕಿದ್ದು ಅದೊಂದೇ. ಇನ್ನೊಮ್ಮೆ ಅವಕಾಶ ಸಿಕ್ಕರೆ ಇನ್ನೂ ದೊಡ್ಡ ಅಕ್ಷರದಲ್ಲಿ ಹಾಕುತ್ತೇನೆ. ಅವಳು ಚೀಟಿ ಮಡಚಿಕೊಂಡು ಗೇಟಿನ ಕಡೆ ನಡೆದಳು. ನಾನು ವರಾಂಡಕ್ಕೆ ಬಂದು, ಆಫೀಸಿನವರಿಗೆಲ್ಲ ಕೇಳುವ ಹಾಗೆ ಜೋರಾಗಿ ಮಂಜುಳಾ ಎಂದು ಕರೆದೆ.

ಅವಳು ತಿರುಗಿದಳು. "ಏನ್ ಮೇಡಂ?"

"ಏನಿಲ್ಲ, ಹೋಗು" ಎಂದೆ.